ಎರಡು ಚಿತ್ರ, ಒಂದೇ ತಲೆ

ತೊಂಬತ್ತರ ದಶಕದಲ್ಲಿ ಮಿದುಳಿನ ಗಡ್ಡೆಗೆ ವಿಕಿರಣ ಚಿಕಿತ್ಸೆ ಪಡೆಯಲು ಬೆಂಗಳೂರಿಗೆ ಬರುತ್ತಿದ್ದವರ ಕೈಯಲ್ಲಿ ಸಾಮಾನ್ಯವಾಗಿ ಎರಡು ದೊಡ್ಡ ಕವರುಗಳಿರುತ್ತಿದ್ದವು. ಒಂದರಲ್ಲಿ ಸಿ.ಟಿ. ಫಿಲ್ಮು, ಇನ್ನೊಂದರಲ್ಲಿ ಎಂ.ಆರ್.ಐ. ಫಿಲ್ಮು. ಎರಡನ್ನೂ ತೆಗೆಸಿದ್ದು ಬೇರೆ ಬೇರೆ ಕಡೆ, ಬೇರೆ ಬೇರೆ ದಿನ. ರೇಡಿಯೋಥೆರಪಿ ವಿಭಾಗದ ಡಾಕ್ಟರೂ ಫಿಸಿಸಿಸ್ಟೂ ಅವನ್ನು ಗೋಡೆಯ ವ್ಯೂ ಬಾಕ್ಸಿಗೆ ಪಕ್ಕಪಕ್ಕ ಸಿಕ್ಕಿಸಿ, ದೀಪ ಹಾಕಿ, ಬಹಳ ಹೊತ್ತು ನೋಡುತ್ತಾ ನಿಲ್ಲುತ್ತಿದ್ದರು. ಗಡ್ಡೆ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಚೆನ್ನಾಗಿ ತೋರಿಸುತ್ತಿದ್ದದ್ದು ಎಂ.ಆರ್.ಐ. ಯಾವ ಭಾಗಕ್ಕೆ ಎಷ್ಟು ಡೋಸ್ ಬೀಳುತ್ತದೆ ಎಂದು ಲೆಕ್ಕ ಹಾಕಲು ಬೇಕಾಗಿದ್ದದ್ದು ಸಿ.ಟಿ. ಚಿಕಿತ್ಸೆಯಾದರೋ ಒಂದೇ ತಲೆಗೆ.

ಈಗ ನಿವೃತ್ತರಾಗಿರುವ ಒಬ್ಬ ಮಹಿಳಾ ಫಿಸಿಸಿಸ್ಟ್ ಅಂಥದ್ದೊಂದು ವಿಭಾಗಕ್ಕೆ ಸೇರಿದ್ದು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡಿಕೊಂಡ ಮೇಲೆ. ಆಗ ಈ ಕೆಲಸಕ್ಕೆ ಬರುತ್ತಿದ್ದ ಬಹಳ ಮಂದಿ ತುಳಿದ ದಾರಿ ಅದೇ. ಕೋಬಾಲ್ಟ್ ಯಂತ್ರದ ಔಟ್‌ಪುಟ್ ಅಳೆಯುವುದು, ಕೋಣೆಯ ಗೋಡೆ ಎಷ್ಟು ದಪ್ಪವಿರಬೇಕೆಂದು ಲೆಕ್ಕ ಹಾಕುವುದು, ಸುರಕ್ಷತೆಯ ನಿಯಮಗಳು, ಎಲ್ಲವನ್ನೂ ಅಲ್ಲಿ ಅರೆದು ಕುಡಿಸಿದ್ದರು. ಎರಡು ಯಂತ್ರಗಳು ತೆಗೆದ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವುದು ಹೇಗೆ ಎಂಬುದು ಮಾತ್ರ ಪಾಠದಲ್ಲಿರಲಿಲ್ಲ. ಅದನ್ನು ಆಕೆ ಕಲಿತದ್ದು ಕೆಲಸ ಮಾಡುತ್ತಾ ಮಾಡುತ್ತಾ. ನಿವೃತ್ತರಾದ ಮೇಲೂ ಆಕೆ ಅತಿ ಹೆಚ್ಚು ಆಸ್ಥೆಯಿಂದ ಮಾತಾಡುವುದು ಅದರ ಬಗ್ಗೆಯೇ.

ಇದು ಯಾಕೆ ಕಷ್ಟ ಎಂದು ತಿಳಿಯಬೇಕಾದರೆ ಎರಡೂ ಯಂತ್ರಗಳು ಏನನ್ನು ಅಳೆಯುತ್ತವೆ ಎಂದು ನೋಡಬೇಕು. ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ 1971ರ ಅಕ್ಟೋಬರ್ 1ರಂದು ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ಮೊದಲ ಬಾರಿಗೆ ಒಬ್ಬ ರೋಗಿಯ ತಲೆಯನ್ನು ಸ್ಕ್ಯಾನ್ ಮಾಡಿತು. ಎಕ್ಸ್‌ರೇಯನ್ನು ದೇಹದ ಯಾವ ಭಾಗ ಎಷ್ಟು ತಡೆಯುತ್ತದೆ ಎಂಬುದೇ ಸಿ.ಟಿ.ಯ ಅಳತೆ. ಹೌನ್ಸ್‌ಫೀಲ್ಡ್ ಅವರ ಹೆಸರನ್ನೇ ಹೊತ್ತ ಮಾನದಲ್ಲಿ ನೀರಿಗೆ 0, ಗಾಳಿಗೆ −1000, ಗಟ್ಟಿ ಮೂಳೆಗೆ 1000ದ ಆಸುಪಾಸು. ಈ ಸಂಖ್ಯೆ ಕೈಯಲ್ಲಿದ್ದರೆ ವಿಕಿರಣದ ಲೆಕ್ಕ ಹಾಕಬಹುದು. ಎಂ.ಆರ್.ಐ.ಗೆ ಇಂಥ ಸ್ಥಿರವಾದ ಮಾನವಿಲ್ಲ. ಬಲವಾದ ಕಾಂತಕ್ಷೇತ್ರದೊಳಗೆ ದೇಹದ ಹೈಡ್ರೋಜನ್ ಕೊಡುವ ಸಂಕೇತವನ್ನು ಅದು ಹಿಡಿಯುತ್ತದೆ. ಸಿ.ಟಿ.ಯಲ್ಲಿ ಬೆಳ್ಳಗೆ ಹೊಳೆಯುವ ತಲೆಬುರುಡೆ ಎಂ.ಆರ್.ಐ.ಯಲ್ಲಿ ಕಪ್ಪು. ಮಿದುಳಿನ ಸುತ್ತಲಿನ ದ್ರವ ಒಂದು ಬಗೆಯ ಎಂ.ಆರ್.ಐ.ಯಲ್ಲಿ ಕಪ್ಪಾಗಿ, ಇನ್ನೊಂದು ಬಗೆಯಲ್ಲಿ ಬಿಳಿಯಾಗಿ ಕಾಣುತ್ತದೆ. ಹಾಗಾಗಿ ಒಂದು ಚಿತ್ರದಿಂದ ಇನ್ನೊಂದನ್ನು ಕಳೆದು, ವ್ಯತ್ಯಾಸ ಸೊನ್ನೆಯಾದರೆ ಹೊಂದಿಕೊಂಡಿತು ಎನ್ನುವ ಹಾಗಿಲ್ಲ.

ಅದರ ಮೇಲೆ ತಲೆಯ ಓರೆ. ಸಿ.ಟಿ. ತೆಗೆಯುವಾಗ ಗದ್ದ ಒಂದಿಷ್ಟು ಮೇಲಿದ್ದರೆ, ಎಂ.ಆರ್.ಐ. ತೆಗೆಯುವಾಗ ಕೆಳಗಿರುತ್ತಿತ್ತು. ಒಂದರಲ್ಲಿ ಕಣ್ಣುಗುಡ್ಡೆಯೂ ಕಿರುಮೆದುಳೂ ಒಟ್ಟಿಗೆ ಕಾಣುವ ಸ್ಲೈಸ್ ಇನ್ನೊಂದರಲ್ಲಿ ಇರುತ್ತಲೇ ಇರಲಿಲ್ಲ. ಎರಡು ಸ್ಲೈಸುಗಳ ನಡುವೆ 5 ಮಿಲಿಮೀಟರ್ ಅಂತರವಿದ್ದರೆ, ಆ ಅಂತರದಲ್ಲಿ ಏನಿದೆ ಎಂಬುದು ಅಂದಾಜು ಮಾತ್ರ. ಫಿಲ್ಮಿನ ಅಂಚಿನಲ್ಲಿ ಸೆಂಟಿಮೀಟರ್ ಗುರುತು ಹಾಕಿದ ಸಣ್ಣ ಗೆರೆಯೊಂದಿರುತ್ತಿತ್ತು. ಎರಡು ಫಿಲ್ಮುಗಳಲ್ಲಿ ಅದರ ಉದ್ದ ಬೇರೆ ಬೇರೆ. ಆಕೆ ಸ್ಕೇಲಿನಿಂದ ಅದನ್ನು ಅಳೆದು, ಕ್ಯಾಲ್ಕುಲೇಟರಿನಲ್ಲಿ ಗುಣಿಸಿ, ಎಂ.ಆರ್.ಐ.ಯ ಗಡ್ಡೆಯ ಅಂಚನ್ನು ಟ್ರೇಸಿಂಗ್ ಹಾಳೆಯ ಮೇಲೆ ಸಿ.ಟಿ.ಯ ಅಳತೆಗೆ ತಂದು ಬಿಡಿಸುತ್ತಿದ್ದರು.

ಹಾಸನದ ಕಡೆಯ ಒಬ್ಬ ಮೇಷ್ಟ್ರು ಆಕೆಗೆ ಚೆನ್ನಾಗಿ ನೆನಪಿದ್ದಾರೆ. ತಲೆಬುರುಡೆಯ ತಳದಲ್ಲಿ ಮೆನಿಂಜಿಯೋಮಾ, ಅಂದರೆ ಮಿದುಳಿನ ಹೊದಿಕೆಯಲ್ಲಿ ಬೆಳೆಯುವ ಗಡ್ಡೆ. ಶಸ್ತ್ರಚಿಕಿತ್ಸೆಯಲ್ಲಿ ಬಹುಪಾಲು ತೆಗೆದಿದ್ದರೂ, ದೃಷ್ಟಿನರಗಳು ಒಂದನ್ನೊಂದು ದಾಟುವ ಜಾಗಕ್ಕೆ ಅಂಟಿಕೊಂಡಿದ್ದ ಚೂರನ್ನು ಸರ್ಜನ್ ಮುಟ್ಟಿರಲಿಲ್ಲ. ಉಳಿದದ್ದನ್ನು ವಿಕಿರಣ ನೋಡಿಕೊಳ್ಳಬೇಕಿತ್ತು. ಆ ನರಗಳು ತಡೆದುಕೊಳ್ಳುವುದಕ್ಕೆ ಒಂದು ಮಿತಿಯಿದೆ. ಡೋಸ್ ಅಳೆಯುವ ಮಾನವಾದ ಗ್ರೇಯಲ್ಲಿ 54ರ ಸುತ್ತಮುತ್ತ ಗೆರೆ ಎಳೆಯುವುದು ವಾಡಿಕೆ. ಡಾಕ್ಟರು ಮೇಣದ ಪೆನ್ಸಿಲಿನಲ್ಲಿ ಸಿ.ಟಿ. ಫಿಲ್ಮಿನ ಮೇಲೆ ಗಡ್ಡೆಯನ್ನು ಗುರುತು ಹಾಕಿದರು. ಎಂ.ಆರ್.ಐ. ಕಡೆ ನೋಡಿದರು. ಗುರುತನ್ನು ಒರೆಸಿ ಮತ್ತೆ ಹಾಕಿದರು.

“ಮೇಡಂ, ಇದು ಸರಿಯಾಗಿ ಕೂತಿದೆ ಅಂತೀರಾ?”

“ಮೂರು ಮಿಲಿಮೀಟರ್ ಆ ಕಡೆ ಈ ಕಡೆ ಇರಬಹುದು ಸರ್.”

“ಹಾಗಾದ್ರೆ ಮಾರ್ಜಿನ್ ಜಾಸ್ತಿ ಬಿಡೋಣ. ಕಣ್ಣಿನ ಕಡೆ ಮಾತ್ರ ಬೇಡ.”

ಆ ಮೂರು ಮಾತಿನಲ್ಲಿ ಇಡೀ ಸಮಸ್ಯೆ ಇತ್ತು. ಗಡ್ಡೆ ಎಲ್ಲಿದೆ ಎಂಬ ಬಗ್ಗೆ ಎಷ್ಟು ಅನುಮಾನವೋ ಅಷ್ಟು ಅಂಚು ಸುತ್ತಲೂ ಸೇರಿಸಬೇಕು. ಸೇರಿಸಿದ ಅಂಚೆಲ್ಲ ಆರೋಗ್ಯವಾಗಿರುವ ಮಿದುಳು. ಮೇಷ್ಟ್ರ ದೃಷ್ಟಿ ಉಳಿಯಿತು, ಮುಂದಿನ ವರ್ಷ ತಪಾಸಣೆಗೆ ಬಂದಾಗ ಪೇಪರ್ ಓದುತ್ತಾ ಕೂತಿದ್ದರು. ಆದರೆ ಚಿತ್ರಗಳು ಸರಿಯಾಗಿ ಕೂತಿದ್ದರೆ ಅವರ ಮಿದುಳಿನ ಎಷ್ಟು ಭಾಗವನ್ನು ವಿಕಿರಣದಿಂದ ಉಳಿಸಬಹುದಿತ್ತು ಎಂಬ ಪ್ರಶ್ನೆ ಆಕೆಯನ್ನು ಓದಿನ ಕಡೆಗೆ ತಳ್ಳಿತು.

ಓದಿದಂತೆ ತಿಳಿದುಬಂದದ್ದು, ಈ ಹುಡುಕಾಟ ಸಿ.ಟಿ.ಗಿಂತ ಹಳೆಯದು. ಡಚ್ ವೈದ್ಯ ಝೀಡ್ಸೆಸ್ ದೆ ಪ್ಲಾಂಟೆಸ್ 1930ರ ದಶಕದಲ್ಲೇ ಒಂದು ಎಕ್ಸ್‌ರೇಯನ್ನು ಇನ್ನೊಂದರಿಂದ ಕಳೆಯುವ ವಿಧಾನ ರೂಪಿಸಿದ್ದರು. ಬಣ್ಣದ ದ್ರವ ಚುಚ್ಚುವ ಮುಂಚೆ ಒಂದು, ಚುಚ್ಚಿದ ಮೇಲೆ ಒಂದು. ಮೊದಲನೆಯದರ ನೆಗೆಟಿವನ್ನು ಎರಡನೆಯದರ ಮೇಲಿಟ್ಟರೆ ಮೂಳೆಗಳೆಲ್ಲ ಅಳಿಸಿಹೋಗಿ ರಕ್ತನಾಳಗಳು ಉಳಿಯುತ್ತವೆ. ಷರತ್ತು ಒಂದೇ: ನಡುವೆ ತಲೆ ಅಲುಗಾಡಬಾರದು. ಇನ್ನೊಂದು ದಾರಿ ಹಿಡಿದವರು ಲಂಡನ್ನಿನ ವಿಕ್ಟರ್ ಹಾರ್ಸ್ಲಿ ಮತ್ತು ರಾಬರ್ಟ್ ಕ್ಲಾರ್ಕ್. 1908ರಲ್ಲಿ ಅವರು ಪ್ರಾಣಿಗಳ ತಲೆಗೆ ಬಿಗಿಯುವ ಚೌಕಟ್ಟೊಂದನ್ನು ವಿವರಿಸಿದರು. ಮಿದುಳಿನ ಯಾವ ಬಿಂದುವನ್ನೂ ಆ ಚೌಕಟ್ಟಿನಿಂದ ಮೂರು ಅಳತೆಗಳಲ್ಲಿ ಹೇಳಬಹುದಿತ್ತು. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1949ರಲ್ಲಿ ಮನುಷ್ಯರಿಗೆ ಹೊಂದುವ ತಮ್ಮ ಚೌಕಟ್ಟನ್ನು ಪ್ರಕಟಿಸಿದರು. ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. ನಿಮ್ಹಾನ್ಸ್‌ನ ಸ್ಥಾಪಕ ನಿರ್ದೇಶಕ ಡಾ. ಆರ್. ಮಾರ್ತಾಂಡ ವರ್ಮ ಅವರು ತಲೆಬುರುಡೆಯ ತಳದಲ್ಲಿ ಸಹಜವಾಗಿಯೇ ಇರುವ ಫೊರಾಮೆನ್ ಒವಾಲೆ ಎಂಬ ರಂಧ್ರದ ಮೂಲಕ ಮಿದುಳಿನ ಒಳಭಾಗವನ್ನು ತಲುಪುವ ಸ್ಟೀರಿಯೋಟ್ಯಾಕ್ಸಿಕ್ (ಅಳತೆಗಳಿಂದ ಗುರಿ ಹಿಡಿಯುವ) ವಿಧಾನವನ್ನು ಬೆಳೆಸಿದವರು. ಅದಕ್ಕೆ ಅವರದೇ ಹೆಸರಿದೆ.

ಚೌಕಟ್ಟು ಇದ್ದಾಗ ಚಿತ್ರಗಳನ್ನು ಹೊಂದಿಸುವುದು ಸುಲಭ, ಏಕೆಂದರೆ ಚೌಕಟ್ಟಿನ ಗುರುತುಗಳು ಎರಡರಲ್ಲೂ ಮೂಡುತ್ತವೆ. ಆದರೆ ಹಣೆಗೆ ತಿರುಪು ಬಿಗಿದ ಚೌಕಟ್ಟನ್ನು ಆರು ವಾರದ ವಿಕಿರಣ ಚಿಕಿತ್ಸೆಗೆ ತೊಡಿಸಿಡಲಾಗುವುದಿಲ್ಲ. ಹೋದ ತಿಂಗಳು ಬೇರೆ ಊರಲ್ಲಿ ತೆಗೆಸಿದ ಎಂ.ಆರ್.ಐ.ಗೆ ಇವತ್ತು ಚೌಕಟ್ಟು ಹಾಕಲೂ ಆಗುವುದಿಲ್ಲ.

ಷಿಕಾಗೋ ವಿಶ್ವವಿದ್ಯಾಲಯದ ಚಾರ್ಲ್ಸ್ ಪೆಲಿಝಾರಿ, ಜಾರ್ಜ್ ಚೆನ್ ಮತ್ತವರ ಸಂಗಡಿಗರು 1989ರಲ್ಲಿ ಚೌಕಟ್ಟಿಲ್ಲದ ಒಂದು ಉಪಾಯ ಪ್ರಕಟಿಸಿದರು. ಒಂದು ಸ್ಕ್ಯಾನಿನಿಂದ ತಲೆಯ ಹೊರಮೈಯನ್ನು ತೆಗೆದು ಅದನ್ನು ‘ತಲೆ’ ಎಂದರು. ಇನ್ನೊಂದರ ಹೊರಮೈ ಮೇಲಿನ ಬಿಂದುಗಳನ್ನು ‘ಟೋಪಿ’ ಎಂದರು. ಟೋಪಿ ತಲೆಗೆ ಸರಿಯಾಗಿ ಕೂರುವವರೆಗೆ ಕಂಪ್ಯೂಟರ್ ಅದನ್ನು ಜರುಗಿಸಿ ತಿರುಗಿಸುತ್ತದೆ. ಜರುಗಿಸಲು ಮೂರು ದಿಕ್ಕು, ತಿರುಗಿಸಲು ಮೂರು ಕೋನ. ಗಟ್ಟಿಯಾದ ತಲೆಬುರುಡೆಗೆ ಆರು ಸಂಖ್ಯೆ ಸಾಕು. ಆ ಆರು ಸಂಖ್ಯೆ ಸಿಕ್ಕರೆ ಎಂ.ಆರ್.ಐ.ಯ ಪ್ರತಿ ಬಿಂದುವಿಗೂ ಸಿ.ಟಿ.ಯಲ್ಲಿ ವಿಳಾಸ ಸಿಕ್ಕಂತೆ. ತೊಡಕೆಂದರೆ ಮೊದಲು ಹೊರಮೈಯನ್ನು ಬಿಡಿಸಿಕೊಳ್ಳಬೇಕಿತ್ತು, ಅದಕ್ಕೆ ಕೈಕೆಲಸ ಬೇಕಿತ್ತು. ನೆತ್ತಿ ಹೆಚ್ಚುಕಡಿಮೆ ದುಂಡಗಿರುವುದರಿಂದ ಟೋಪಿ ಸ್ವಲ್ಪ ತಿರುಗಿ ಕೂತರೂ ಕೂತಂತೆಯೇ ಕಾಣುತ್ತಿತ್ತು.

ಆಕೆಯ ಕಣ್ಣು ತೆರೆಸಿದ ಲೇಖನ 1997ರದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಗ್ರಂಥಾಲಯದಲ್ಲಿ ಜೆರಾಕ್ಸ್ ಮಾಡಿಸಿಕೊಂಡ ಆ ಪ್ರತಿ ಮಡಿಕೆಗಳಲ್ಲಿ ಹರಿದು, ಟೇಪು ಹಚ್ಚಿಸಿಕೊಂಡು, ಇನ್ನೂ ಆಕೆಯ ಬಳಿ ಇದೆ. ಬರೆದವರು ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯದ ಫ್ರೆಡರಿಕ್ ಮಾಸ್, ಆಂದ್ರೆ ಕಾಲಿನ್ಯೋನ್ ಮತ್ತು ಸಂಗಡಿಗರು. ಅದೇ ವಿಚಾರವನ್ನು ಅಮೆರಿಕದ ಎಂ.ಐ.ಟಿ.ಯಲ್ಲಿ ಪಾಲ್ ವಯೋಲ ಮತ್ತು ವಿಲಿಯಂ ವೆಲ್ಸ್ ಕೂಡ ಸ್ವತಂತ್ರವಾಗಿ ಕಂಡುಕೊಂಡಿದ್ದರು. ಎರಡೂ ತಂಡಗಳ ಮೊದಲ ಪ್ರಬಂಧಗಳು ಬಂದದ್ದು 1995ರಲ್ಲಿ. ದೂರವಾಣಿ ತಂತಿಯಲ್ಲಿ ಹರಿಯುವ ಮಾಹಿತಿಯನ್ನು ಅಳೆಯಲು ಕ್ಲಾಡ್ ಶ್ಯಾನನ್ 1948ರಲ್ಲಿ ಕಟ್ಟಿದ ಗಣಿತವನ್ನು ಇವರು ಸ್ಕ್ಯಾನುಗಳಿಗೆ ತಂದರು. ಅಳತೆಯ ಹೆಸರು ಮ್ಯೂಚುಯಲ್ ಇನ್ಫರ್ಮೇಷನ್.

ಹೊಸಬರಿಗೆ ಅದನ್ನು ಹೇಳಿಕೊಡುವಾಗ ಆಕೆ ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳುತ್ತಿದ್ದರು. ಅಡ್ಡಕ್ಕೆ ಸಿ.ಟಿ.ಯ ಮೌಲ್ಯಗಳು, ಉದ್ದಕ್ಕೆ ಎಂ.ಆರ್.ಐ.ಯ ಮೌಲ್ಯಗಳು. ಎರಡು ಚಿತ್ರಗಳನ್ನು ಹೇಗೋ ಒಂದರ ಮೇಲೊಂದು ಇಡಿ. ಪ್ರತಿ ಬಿಂದುವಿನಲ್ಲೂ ಎರಡೂ ಮೌಲ್ಯ ಓದಿ, ಹಾಳೆಯಲ್ಲಿ ಅದಕ್ಕೆ ತಕ್ಕ ಜಾಗದಲ್ಲಿ ಒಂದು ಚುಕ್ಕಿ ಇಡುತ್ತಾ ಹೋಗಿ. ಚಿತ್ರಗಳು ಹೊಂದಿಕೊಂಡಿಲ್ಲದಿದ್ದರೆ ಮೂಳೆಯ ಮೇಲೆ ಮಿದುಳು, ಮಿದುಳಿನ ಮೇಲೆ ದ್ರವ, ದ್ರವದ ಮೇಲೆ ಮೂಳೆ ಬಿದ್ದಿರುತ್ತದೆ. ಚುಕ್ಕಿಗಳು ಕೈತಪ್ಪಿ ಚೆಲ್ಲಿದ ರಂಗೋಲಿ ಪುಡಿಯ ಹಾಗೆ ಹಾಳೆಯ ತುಂಬ ಹರಡುತ್ತವೆ. ಸರಿಯಾಗಿ ಕೂತಾಗ ಸಿ.ಟಿ.ಯ ಮೂಳೆ ಎಂ.ಆರ್.ಐ.ಯ ಮೂಳೆಯ ಮೇಲೆ ಮಾತ್ರ ಬೀಳುತ್ತದೆ, ಚುಕ್ಕಿಗಳು ಕೆಲವೇ ಕಡೆ ಗುಂಪುಗೂಡುತ್ತವೆ. ಅಲ್ಲಿ ಬಿಳಿ ಇದ್ದದ್ದು ಇಲ್ಲಿ ಕಪ್ಪಾಗಿದ್ದರೂ ಚಿಂತೆಯಿಲ್ಲ. ಒಂದರ ಮೌಲ್ಯ ಗೊತ್ತಾದರೆ ಇನ್ನೊಂದರ ಮೌಲ್ಯವನ್ನು ಎಷ್ಟರಮಟ್ಟಿಗೆ ಊಹಿಸಬಹುದು? ಇಷ್ಟೇ ಪ್ರಶ್ನೆ. ಊಹೆ ಅತ್ಯಂತ ಖಚಿತವಾಗುವ ಜೋಡಣೆಯನ್ನು ಹುಡುಕಿಕೊಂಡು ಕಂಪ್ಯೂಟರ್ ಆ ಆರು ಸಂಖ್ಯೆಗಳನ್ನು ಸ್ವಲ್ಪಸ್ವಲ್ಪವೇ ಬದಲಿಸುತ್ತಾ ಹೋಗುತ್ತದೆ.

ಯಾರೂ ಗಡ್ಡೆಯನ್ನೋ ಮೂಳೆಯನ್ನೋ ಕೈಯಿಂದ ಬಿಡಿಸಿಕೊಡಬೇಕಾಗಿಲ್ಲ. ವೈದ್ಯಕೀಯ ಚಿತ್ರಗಳ ವಿಚಾರದಲ್ಲಿ ಕಳೆದ ಶತಮಾನದ ಅತ್ಯಂತ ಸುಂದರ ಯೋಚನೆಗಳಲ್ಲಿ ಇದೊಂದು ಎಂಬುದು ಆಕೆಯ ಗಟ್ಟಿ ಅಭಿಪ್ರಾಯ. ಅದನ್ನು ಓದಿದವರು ಒಪ್ಪದಿರುವುದು ಕಷ್ಟ.

ಆದರೂ ಕಂಪ್ಯೂಟರ್ ದಾರಿ ತಪ್ಪಬಹುದು. ಬೆಟ್ಟ ಹತ್ತುವಾಗ ಸಣ್ಣ ದಿಬ್ಬವನ್ನೇ ಶಿಖರ ಎಂದುಕೊಂಡು ನಿಂತುಬಿಡುವ ಅಪಾಯ ಇಂಥ ಹುಡುಕಾಟಕ್ಕೆ ಇದ್ದೇ ಇದೆ. ಅದಕ್ಕಾಗಿ ಮೊದಲು ಚಿತ್ರಗಳನ್ನು ಮಬ್ಬು ಮಾಡಿ ಒರಟಾಗಿ ಹೊಂದಿಸಿ, ಆಮೇಲೆ ಹಂತಹಂತವಾಗಿ ಸ್ಪಷ್ಟ ಚಿತ್ರದಲ್ಲಿ ತಿದ್ದುವ ಕ್ರಮ ಬಂತು. ಇಷ್ಟೆಲ್ಲ ಮಾಡಿದ ಮೇಲೂ ಸರಿಯಾಯಿತೋ ಇಲ್ಲವೋ ಎಂದು ಹೇಳುವವರು ಯಾರು?

ಅಮೆರಿಕದ ನ್ಯಾಶ್‌ವಿಲ್‌ನಲ್ಲಿರುವ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಮೈಕೆಲ್ ಫಿಟ್ಸ್‌ಪ್ಯಾಟ್ರಿಕ್ ಮತ್ತು ಜೇ ವೆಸ್ಟ್ ತಂಡ ಇದಕ್ಕೊಂದು ಪರೀಕ್ಷೆ ಏರ್ಪಡಿಸಿತು. ಈ ಭಾಗ ಹೇಳುವಾಗ ಆಕೆಯ ದನಿ ಏರುತ್ತದೆ. ಮಿದುಳಿನ ಶಸ್ತ್ರಚಿಕಿತ್ಸೆಗೆ ಬಂದಿದ್ದ ಕೆಲವು ರೋಗಿಗಳ ತಲೆಬುರುಡೆಗೆ, ಶಸ್ತ್ರಚಿಕಿತ್ಸೆಯ ಮಾರ್ಗದರ್ಶನಕ್ಕೆಂದು, ಎರಡೂ ಬಗೆಯ ಸ್ಕ್ಯಾನಿನಲ್ಲಿ ಕಾಣುವ ಗುರುತುಗಳನ್ನು ತಿರುಪಿನಿಂದ ಕೂರಿಸಿದ್ದರು. ಮೂಳೆಗೇ ಕಚ್ಚಿಕೊಂಡ ಗುರುತು ಜರುಗುವುದಿಲ್ಲ, ಹಾಗಾಗಿ ಅವುಗಳಿಂದ ಸಿಕ್ಕ ಜೋಡಣೆಯೇ ಪ್ರಮಾಣ. ಆಮೇಲೆ ಚಿತ್ರಗಳಿಂದ ಆ ಗುರುತುಗಳನ್ನು ಅಳಿಸಿ, ಬೇರೆ ಬೇರೆ ದೇಶಗಳ ತಂಡಗಳಿಗೆ ಕಳಿಸಿದರು. ನಿಮ್ಮ ನಿಮ್ಮ ವಿಧಾನದಿಂದ ಹೊಂದಿಸಿ ಉತ್ತರ ಕಳಿಸಿ ಎಂದರು. ಸರಿ ಉತ್ತರ ವ್ಯಾಂಡರ್‌ಬಿಲ್ಟ್‌ನವರ ಕೈಯಲ್ಲಷ್ಟೇ ಇತ್ತು. ಫಲಿತಾಂಶ 1997ರಲ್ಲಿ ಪ್ರಕಟವಾಯಿತು: ಬಹಳಷ್ಟು ಸಲ ಈ ವಿಧಾನಗಳು ತೃಪ್ತಿಕರ ಉತ್ತರ ಕೊಡುತ್ತವೆ, ಆದರೆ ಆಗೊಮ್ಮೆ ಈಗೊಮ್ಮೆ ದೊಡ್ಡದಾಗಿಯೇ ತಪ್ಪುತ್ತವೆ, ಆದ್ದರಿಂದ ಕಣ್ಣಿನಿಂದ ಪರಿಶೀಲಿಸದೆ ಒಪ್ಪಬಾರದು.

ಕಂಪನಿಯವರು ತಮ್ಮ ಸಾಫ್ಟ್‌ವೇರ್ ತಮ್ಮ ಚಿತ್ರದ ಮೇಲೆ ಓಡಿಸಿ ಚೆನ್ನಾಗಿದೆ ಎಂದು ಹೇಳುವುದಕ್ಕೂ, ಉತ್ತರ ಬಚ್ಚಿಟ್ಟು ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಡುವುದಕ್ಕೂ ಇರುವ ಅಂತರ ದೊಡ್ಡದು. ಈ ಕ್ಷೇತ್ರಕ್ಕೆ ಪ್ರಾಮಾಣಿಕತೆ ಬಂದದ್ದು ಆ ಪರೀಕ್ಷೆಯಿಂದ.

ಫಿಟ್ಸ್‌ಪ್ಯಾಟ್ರಿಕ್ ಇನ್ನೂ ಒಂದು ಸಂಗತಿಯನ್ನು ಗಣಿತದಿಂದ ತೋರಿಸಿದರು, ಅದು ಆಸ್ಪತ್ರೆಯ ದಿನನಿತ್ಯಕ್ಕೆ ನೇರ ತಾಗುವಂಥದ್ದು. ಕೆಲವು ಗುರುತುಗಳನ್ನು ಎರಡೂ ಚಿತ್ರಗಳಲ್ಲಿ ತೋರಿಸಿ ಹೊಂದಿಸಿದಾಗ, ಆ ಗುರುತುಗಳ ನಡುವೆ ಉಳಿದ ವ್ಯತ್ಯಾಸವನ್ನು ಸಾಫ್ಟ್‌ವೇರ್ ಒಂದು ಸಂಖ್ಯೆಯಾಗಿ ತೋರಿಸುತ್ತದೆ. ಅದು ಚಿಕ್ಕದಿದ್ದರೆ ಎಲ್ಲರಿಗೂ ಸಮಾಧಾನ. ಆದರೆ ನಮಗೆ ಬೇಕಾದದ್ದು ಗಡ್ಡೆಯ ಜಾಗದಲ್ಲಿ ಎಷ್ಟು ತಪ್ಪಿದೆ ಎಂಬುದು. ಒಂದು ಸಲದ ಜೋಡಣೆಯಲ್ಲಿ ಈ ಎರಡಕ್ಕೂ ಪರಸ್ಪರ ಸಂಬಂಧವಿಲ್ಲ ಎಂದು 2009ರ ಪ್ರಬಂಧದಲ್ಲಿ ಅವರು ಸ್ಪಷ್ಟವಾಗಿ ಬರೆದರು. ಪರದೆಯ ಮೇಲಿನ ಸಂಖ್ಯೆ ಸಣ್ಣದಿದೆ ಎಂದು ಗಡ್ಡೆ ಸರಿಯಾದ ಜಾಗದಲ್ಲಿದೆ ಎಂದು ತಿಳಿಯಬಾರದು.

ಆಕೆಯ ವಿಭಾಗಕ್ಕೆ ಚಿತ್ರಗಳ ಫ್ಯೂಷನ್ (ಜೋಡಣೆ) ಮಾಡುವ ಪ್ಲ್ಯಾನಿಂಗ್ ಕಂಪ್ಯೂಟರ್ ಬಂದ ಮೇಲೆ ಟ್ರೇಸಿಂಗ್ ಹಾಳೆ ಮೂಲೆ ಸೇರಿತು. ಆಕೆ ರೂಢಿಸಿಕೊಂಡ ಪರಿಶೀಲನೆಯ ಕ್ರಮ ಮಾತ್ರ ನಿಧಾನದ್ದು. ಬಣ್ಣ ಹಚ್ಚಿ ಒಂದರ ಮೇಲೊಂದು ಹರಡಿದ ಚಿತ್ರವನ್ನು ಆಕೆ ನಂಬುತ್ತಿರಲಿಲ್ಲ; ಅದು ಯಾವಾಗಲೂ ಚೆಂದ ಕಾಣುತ್ತದೆ. ಚದುರಂಗದ ಮನೆಗಳಂತೆ ಒಂದು ಚೌಕದಲ್ಲಿ ಸಿ.ಟಿ., ಪಕ್ಕದ ಚೌಕದಲ್ಲಿ ಎಂ.ಆರ್.ಐ. ಬರುವ ಹಾಗೆ ಹಾಕಿ, ಅಂಚುಗಳು ಚೌಕದಿಂದ ಚೌಕಕ್ಕೆ ಮುರಿಯದೆ ಸಾಗುತ್ತವೆಯೇ ಎಂದು ನೋಡುತ್ತಿದ್ದರು. ಮೊದಲು ಕಣ್ಣುಗುಡ್ಡೆಯ ಹಿಂದಿನ ಮೂಳೆಯ ಗೋಡೆ. ಆಮೇಲೆ ಮಿದುಳಿನ ನಡುವಿನ ದ್ರವದ ಕೋಣೆಗಳ ಮೊನೆ. ಆಮೇಲೆ ಒಳಕಿವಿಯ ಸುರುಳಿ, ಅದು ಸಿ.ಟಿ.ಯಲ್ಲಿ ಮೂಳೆಯೊಳಗಿನ ಪೊಳ್ಳಾಗಿ, ಎಂ.ಆರ್.ಐ.ಯಲ್ಲಿ ಹೊಳೆಯುವ ದ್ರವವಾಗಿ ಕಾಣುತ್ತದೆ. ಕೊನೆಗೆ ಗಡ್ಡೆಯ ಸುತ್ತಮುತ್ತ. ಸೈನಸ್‌ಗಳ ಹತ್ತಿರ ಗಾಳಿ ಇರುವೆಡೆ ಎಂ.ಆರ್.ಐ. ಚಿತ್ರವೇ ಸ್ವಲ್ಪ ಸೊಟ್ಟಗಾಗುತ್ತದೆ, ಅಲ್ಲಿ ಅಂಚು ಮುರಿದರೆ ಜೋಡಣೆಯ ತಪ್ಪೋ ಚಿತ್ರದ ತಪ್ಪೋ ಎಂದು ಬಿಡಿಸಿ ನೋಡಬೇಕು. ಎಲ್ಲ ಸರಿಯೆನಿಸಿದ ಮೇಲಷ್ಟೇ ಡಾಕ್ಟರನ್ನು ಕರೆಯುತ್ತಿದ್ದರು.

ಎಡಬಲದ ವಿಷಯ ಬೇರೆಯೇ. ರೇಡಿಯಾಲಜಿಯವರ ಪದ್ಧತಿಯಲ್ಲಿ ರೋಗಿಯ ಬಲಗಡೆ ನೋಡುವವರ ಎಡಗಡೆಗೆ ಬರುತ್ತದೆ. ಮಿದುಳಿನ ಸಂಶೋಧಕರಲ್ಲಿ ಕೆಲವರು ಇದಕ್ಕೆ ವಿರುದ್ಧವಾಗಿ ಇಡುತ್ತಾರೆ. ಹಳೆಯ ಕೆಲವು ಫೈಲುಗಳಲ್ಲಿ ಯಾವುದು ಎಡ ಯಾವುದು ಬಲ ಎಂಬ ಮಾಹಿತಿ ಸಂದಿಗ್ಧವಾಗಿರುತ್ತಿತ್ತು. ತಲೆ ಎಡಬಲ ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ತಿರುಗಾಮುರುಗಾ ಆದ ಚಿತ್ರವೂ ಸೊಗಸಾಗಿ ಹೊಂದಿಕೊಂಡುಬಿಡುತ್ತದೆ. ಇದಕ್ಕೆ ಜಗತ್ತಿನಾದ್ಯಂತ ಎಂ.ಆರ್.ಐ. ಕೋಣೆಗಳಲ್ಲಿ ಬಳಕೆಯಲ್ಲಿರುವ ಒಂದು ಉಪಾಯ ಆಕೆಗೆ ಬಹಳ ಇಷ್ಟ: ಮೆಡಿಕಲ್ ಷಾಪಿನಲ್ಲಿ ಸಿಗುವ ವಿಟಮಿನ್ ಇ ಕ್ಯಾಪ್ಸೂಲನ್ನು ರೋಗಿಯ ಬಲ ಕಪೋಲಕ್ಕೆ ಪ್ಲ್ಯಾಸ್ಟರಿನಿಂದ ಅಂಟಿಸುವುದು. ಅದರೊಳಗಿನ ಎಣ್ಣೆ ಚಿತ್ರದಲ್ಲಿ ಬೆಳ್ಳಗಿನ ಬೊಟ್ಟಾಗಿ ಮೂಡುತ್ತದೆ. ಆಮೇಲೆ ಫೈಲು ಎಷ್ಟು ಕೈ ಬದಲಿಸಿದರೂ ಬಲಗಡೆ ಯಾವುದೆಂದು ಆ ಬೊಟ್ಟು ಹೇಳುತ್ತದೆ. “ಮೇಡಂ, ಗುಳಿಗೆ ಈ ಕಡೆ ಬಂದಿದೆ, ಸರಿ ಇದೆ” ಎಂದು ಟೆಕ್ನಿಷಿಯನ್ ಕೂಗಿ ಹೇಳಿದ ಮೇಲೆಯೇ ಮುಂದಿನ ಕೆಲಸ.

ಇದೇ ಕಾರಣಕ್ಕೆ ಆಕೆ ರೋಗಿಯ ಮನೆಯವರಿಗೆ ಸಿ.ಡಿ. ಕೇಳಿ ತನ್ನಿ ಎಂದು ಹೇಳುತ್ತಿದ್ದರು. 1993ರಲ್ಲಿ ಡೈಕಾಮ್ ಎಂಬ ಹೆಸರಿನಲ್ಲಿ ರೂಪುಗೊಂಡ ಮಾನಕದ ಪ್ರಕಾರ, ಸ್ಕ್ಯಾನಿನ ಪ್ರತಿ ಸ್ಲೈಸಿನ ಜೊತೆಗೆ ಒಂದು ಚುಕ್ಕಿಯ ಅಳತೆ ಎಷ್ಟು, ಆ ಸ್ಲೈಸ್ ದೇಹದಲ್ಲಿ ಯಾವ ಜಾಗದ್ದು, ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದೂ ಬರೆದಿರುತ್ತದೆ. ಫಿಲ್ಮಿಗೆ ಇಳಿಸಿದಾಗಲೋ ಮೊಬೈಲಿನಲ್ಲಿ ಫೋಟೋ ಹೊಡೆದಾಗಲೋ ಇದೆಲ್ಲ ಹೋಗಿ ಬರಿಯ ಚಿತ್ರ ಉಳಿಯುತ್ತದೆ.

ಕುತ್ತಿಗೆಯ ಕೆಳಗೆ ಇಳಿದರೆ ಆರು ಸಂಖ್ಯೆಗಳ ಆಟ ಮುಗಿಯಿತು. ರೇಡಿಯೋಥೆರಪಿಯ ಮಂಚ ಹಲಗೆಯಂತೆ ಸಮತಟ್ಟು, ರೋಗನಿರ್ಣಯದ ಸ್ಕ್ಯಾನರುಗಳ ಮಂಚ ಸಾಮಾನ್ಯವಾಗಿ ತೊಟ್ಟಿಲಿನಂತೆ ಬಾಗಿರುವುದು. ಅಷ್ಟಕ್ಕೇ ಬೆನ್ನುಮೂಳೆಯ ಬಾಗು ಬದಲಾಗುತ್ತದೆ. ಮೂತ್ರಕೋಶ ತುಂಬಿದಾಗ ಒಂದು ಆಕಾರ, ಖಾಲಿಯಾದಾಗ ಇನ್ನೊಂದು. ಉಸಿರಾಡಿದಂತೆಲ್ಲ ಪಿತ್ತಕೋಶ, ಯಕೃತ್ತು ಮೇಲೆ ಕೆಳಗೆ ಹೋಗುತ್ತವೆ.

ಎರಡು ಯಂತ್ರಗಳನ್ನೇ ಒಂದಾಗಿಸಿದರೆ ಹೇಗೆ ಎಂದು ಯೋಚಿಸಿದವರು ಡೇವಿಡ್ ಟೌನ್‌ಸೆಂಡ್ ಮತ್ತು ರಾನ್ ನಟ್. ಚುಚ್ಚಿದ ವಿಕಿರಣಶೀಲ ವಸ್ತು ದೇಹದಲ್ಲಿ ಎಲ್ಲಿ ಸೇರಿದೆ ಎಂದು ತೋರಿಸುವ ಪೆಟ್ ಸ್ಕ್ಯಾನನ್ನು ಸಿ.ಟಿ.ಗೆ ಕೂಡಿಸಿ ಅವರು ರೂಪಿಸಿದ ಪೆಟ್-ಸಿ.ಟಿ.ಯ ಮೊದಲ ಮಾದರಿ 1998ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಕೆಲಸ ಶುರುಮಾಡಿತು. ಟೈಮ್ ಪತ್ರಿಕೆ ಅದನ್ನು 2000ನೇ ಇಸವಿಯ ವೈದ್ಯಕೀಯ ಆವಿಷ್ಕಾರವೆಂದು ಆರಿಸಿತು. ರೋಗಿ ಮಲಗಿದಲ್ಲೇ ಮಲಗಿರುತ್ತಾನೆ, ಮಂಚ ಮಾತ್ರ ಒಂದು ಯಂತ್ರದಿಂದ ಇನ್ನೊಂದಕ್ಕೆ ಜಾರುತ್ತದೆ. ಇಷ್ಟಾದರೂ ಉಸಿರಾಟದ ಕಾಟ ಬಿಡಲಿಲ್ಲ. ಸಿ.ಟಿ. ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ, ಪೆಟ್‌ಗೆ ಒಂದೊಂದು ಭಾಗಕ್ಕೂ ನಿಮಿಷಗಳು ಬೇಕು, ಅಷ್ಟರಲ್ಲಿ ರೋಗಿ ಹತ್ತಾರು ಸಲ ಉಸಿರಾಡಿರುತ್ತಾನೆ. ಯಕೃತ್ತಿನ ನೆತ್ತಿಯಲ್ಲಿರುವ ಗಂಟು ಶ್ವಾಸಕೋಶದ ಬುಡದಲ್ಲಿದ್ದಂತೆ ಕಾಣುವುದು ಹೀಗೆ. ಯಂತ್ರ ಒಂದೇ ಆದರೂ ಕ್ಷಣ ಒಂದೇ ಅಲ್ಲವಲ್ಲ.

ಹಾಗಾಗಿ ಚಿತ್ರವನ್ನೇ ಎಳೆದು, ಬಗ್ಗಿಸಿ ಹೊಂದಿಸುವ ವಿಧಾನಗಳು ಬೆಳೆದವು. ಸ್ಕಾಟ್ಲೆಂಡಿನ ಜೀವವಿಜ್ಞಾನಿ ಡಾರ್ಸಿ ಥಾಂಪ್ಸನ್ 1917ರ ತಮ್ಮ ಪುಸ್ತಕದಲ್ಲಿ ಒಂದು ಮೀನಿನ ಮೇಲೆ ಚೌಕುಳಿ ಬಲೆ ಬರೆದು, ಬಲೆಯನ್ನು ಬಗ್ಗಿಸಿ ಇನ್ನೊಂದು ಜಾತಿಯ ಮೀನಿನ ಆಕಾರ ಬರಿಸಿದ್ದರು. ಆ ಚಿತ್ರವೇ ಇದರ ಮೂಲ ಎಂದು ಹಲವರು ಹೇಳುತ್ತಾರೆ. ಲಂಡನ್ನಿನಲ್ಲಿ ಡ್ಯಾನಿಯಲ್ ರೂಕರ್ಟ್ ಮತ್ತು ಸಂಗಡಿಗರು 1999ರಲ್ಲಿ ಸ್ತನದ ಎಂ.ಆರ್.ಐ.ಗಳನ್ನು ಹೊಂದಿಸಲು ಇಂಥದೇ ಬಲೆ ಬಳಸಿದರು. ಬಲೆಯ ಗಂಟುಗಳನ್ನು ಜರುಗಿಸಿದಂತೆ ನಡುವಿನ ಅಂಗಾಂಶ ನಯವಾಗಿ ಹಿಂಬಾಲಿಸುತ್ತದೆ. ಆರು ಸಂಖ್ಯೆಗಳ ಜಾಗದಲ್ಲಿ ಈಗ ಸಾವಿರಾರು. ಅಷ್ಟು ಸ್ವಾತಂತ್ರ್ಯ ಕೊಟ್ಟರೆ ಯಾವ ಚಿತ್ರವನ್ನೂ ಯಾವುದರಂತೆಯೂ ಮಾಡಬಹುದು, ಕಷ್ಟ ಇರುವುದೇ ಅಲ್ಲಿ. ಬಲೆ ಎಲ್ಲಾದರೂ ತನ್ನ ಮೇಲೆ ತಾನೇ ಮಡಚಿಕೊಂಡಿದ್ದರೆ, ಒಂದೇ ಜಾಗದಲ್ಲಿ ಎರಡು ಅಂಗಾಂಶ ಇದೆ ಎಂದ ಹಾಗಾಯಿತು, ದೇಹದಲ್ಲಿ ಹಾಗಾಗದು. ಅದಕ್ಕೆ ಜಾಕೋಬಿಯನ್ ಎಂಬ ಲೆಕ್ಕ ನೋಡಿ, ಎಲ್ಲಿಯೂ ಋಣ ಸಂಖ್ಯೆ ಬಂದಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು.

ಇಂಥ ಜೋಡಣೆಯ ಮಿತಿ ಆಕೆ ಕಂಡದ್ದು ಬಾಯಿ, ಗಂಟಲಿನ ಕ್ಯಾನ್ಸರಿನಲ್ಲಿ; ನಮ್ಮಲ್ಲಿ ಅದು ಬಹಳ. ಹೊಗೆಸೊಪ್ಪು, ಅಡಿಕೆ ಅದರ ಮುಖ್ಯ ಕಾರಣಗಳು. ಚಿಕಿತ್ಸೆಯ ಮೂರನೇ ನಾಲ್ಕನೇ ವಾರಕ್ಕೆ ಈ ರೋಗಿಗಳ ಬಾಯಿ ಹುಣ್ಣಾಗಿ, ಮುದ್ದೆ ಹಾಗಿರಲಿ, ಗಂಜಿ ಇಳಿಸುವುದೂ ಕಷ್ಟವಾಗುತ್ತದೆ. ತೂಕ ಇಳಿಯುತ್ತದೆ. ಮೊದಲ ದಿನ ಮುಖಕ್ಕೆ ಬಿಗಿಯಾಗಿ ಅಚ್ಚು ತೆಗೆದ ಮಾಸ್ಕ್ ಸಡಿಲವಾಗುತ್ತದೆ. ಜೊಲ್ಲುಗ್ರಂಥಿಗಳು ಕುಗ್ಗಿ ಒಳಮುಖವಾಗಿ ಜರುಗುತ್ತವೆ, ಗಡ್ಡೆಯೂ ಕರಗುತ್ತಾ ಬರುತ್ತದೆ. ಹೊಸ ಸಿ.ಟಿ.ಯನ್ನು ಹಳೆಯದಕ್ಕೆ ಹೊಂದಿಸು ಎಂದರೆ ಕಂಪ್ಯೂಟರ್ ಬಗ್ಗಿಸಿ, ಎಳೆದು, ಏನೋ ಒಂದು ಮಾಡುತ್ತದೆ. ಆದರೆ ಕರಗಿಹೋದ ಗಡ್ಡೆಯ ಬಿಂದುಗಳಿಗೆ ಹೊಸ ಚಿತ್ರದಲ್ಲಿ ಜೊತೆಯೇ ಇಲ್ಲ. ಇಲ್ಲದ್ದಕ್ಕೂ ಒಂದು ವಿಳಾಸ ಕೊಟ್ಟು, ಬಂದ ಡೋಸುಗಳನ್ನು ಕೂಡಿಸಿ, ದಶಮಾಂಶ ಸಮೇತ ತೋರಿಸಿದರೆ ಅದನ್ನು ನಂಬಲು ಆಕೆ ಸಿದ್ಧರಿರಲಿಲ್ಲ. ಈ ವಿಷಯದಲ್ಲಿ ಡಾಕ್ಟರುಗಳ ಜೊತೆ ಆಕೆಗೆ ಬಿಸಿಬಿಸಿ ವಾದಗಳೂ ಆಗಿವೆ. “ಇದು ಅಂದಾಜು ಅಂತ ಫೈಲಲ್ಲಿ ಬರೀರಿ ಸರ್, ಆಮೇಲೆ ಸೈನ್ ಹಾಕ್ತೀನಿ” ಎನ್ನುವುದು ಆಕೆಯ ಪಟ್ಟು.

ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2017ರಲ್ಲಿ ಪ್ರಕಟಿಸಿದ 132ನೇ ಕಾರ್ಯತಂಡದ ವರದಿ ಆ ಪಟ್ಟಿಗೆ ಬೆಂಬಲ ಕೊಟ್ಟಿತು. ಸಾಫ್ಟ್‌ವೇರನ್ನು ಬಳಕೆಗೆ ತರುವ ಮೊದಲೇ ಉತ್ತರ ಗೊತ್ತಿರುವ ಚಿತ್ರಗಳ ಮೇಲೆ ಪರೀಕ್ಷಿಸಬೇಕು, ಪ್ರತಿ ರೋಗಿಯ ಜೋಡಣೆಯನ್ನೂ ನೋಡಿ ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ದಾಖಲಿಸಬೇಕು ಎಂದು ಅದು ಹೇಳುತ್ತದೆ. ಅದರ ಮರುವರ್ಷವೇ ವಾಕ್ಸೆಲ್‌ಮಾರ್ಫ್‌ನಂಥ ಯಂತ್ರಕಲಿಕೆಯ ವಿಧಾನಗಳು ಬಂದವು. ಹಿಂದೆ ಬಹಳ ಹೊತ್ತು ಹಿಡಿಯುತ್ತಿದ್ದ ಬಾಗು-ಬಳುಕಿನ ಜೋಡಣೆ ಈಗ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಆಕೆ ಅದನ್ನು ಸಂತೋಷದಿಂದಲೇ ಸ್ವಾಗತಿಸುತ್ತಾರೆ. ಉಳಿದ ಸಮಯವನ್ನು ಪರಿಶೀಲನೆಗೆ ಕೊಡಿ ಎಂದು ಕಿರಿಯರಿಗೆ ಹೇಳುತ್ತಾರೆ.

ರೋಗಿಗಳಿಗೆ ಆಕೆ ಹೇಳುವುದು ಇನ್ನೂ ಸರಳ. ಸ್ಕ್ಯಾನ್ ಮಾಡುವಾಗ ಹೇಗೆ ಮಲಗಿಸಿದ್ದರೋ ಹಾಗೇ ಇರಿ, ಉಸಿರು ಹಿಡಿಯಿರಿ ಎಂದಾಗ ಹಿಡಿಯಿರಿ, ಬಿಡಿ ಎಂದಾಗ ಬಿಡಿ. ವಿಕಿರಣ ಚಿಕಿತ್ಸೆಯ ನಡುವೆ ತೂಕ ಇಳಿದರೆ, ಮಾಸ್ಕ್ ಒಳಗೆ ಮುಖ ಅಲುಗಾಡುತ್ತಿದೆ ಎನಿಸಿದರೆ, ಸಂಕೋಚ ಬೇಡ, ಟೆಕ್ನಿಷಿಯನ್‌ಗೆ ಅಂದೇ ಹೇಳಿ, ಮತ್ತೊಂದು ಸಿ.ಟಿ. ಬೇಕೇ ಎಂದು ಕೇಳಿ. ಅದು ನಿಮಗೆ ಗೊತ್ತಾಗುವಷ್ಟು ಬೇಗ ಯಾವ ಕಂಪ್ಯೂಟರಿಗೂ ಗೊತ್ತಾಗುವುದಿಲ್ಲ.